ಎರಡನೇ ಕಣ್ಣು ಜಾಸ್ತಿ ನೋಯಬಹುದು: ಲೇಸರ್ ಪೊರೆ ಆಪರೇಷನ್‌ಗೆ ಹೊರಟವರಿಗೆ

ನಾನು 32 ವರ್ಷ ಬಟ್ಟೆ ಹೊಲಿದವಳು. ಸೂಜಿಗೆ ದಾರ ಪೋಣಿಸಲು ಮೂರು ಮೂರು ಸಲ ಪ್ರಯತ್ನ ಮಾಡಬೇಕಾಗಿ ಬಂದಾಗ ಕಣ್ಣು ತೋರಿಸಿದೆ. ಎರಡೂ ಕಣ್ಣಲ್ಲಿ ಪೊರೆ ಇತ್ತು. ಎರಡಕ್ಕೂ ಲೇಸರ್ ಬಳಸಿ ಆಪರೇಷನ್ ಮಾಡಿದರು. ಮೊದಲು ಬಲಗಣ್ಣು, ಐದು ವಾರ ಬಿಟ್ಟು ಎಡಗಣ್ಣು.

ಬಲಗಣ್ಣಿಗೆ ಆಪರೇಷನ್ ಆಗುವಾಗ ನೋವು ಅಂತ ಏನೂ ಇರಲಿಲ್ಲ. ಎಡಗಣ್ಣಿಗೆ ಇತ್ತು. ಅದೇ ಡಾಕ್ಟರು, ಅದೇ ಮೆಷಿನ್ನು, ಅದೇ ಮೇಜು. ಆದರೂ ಕಣ್ಣಿನ ಒಳಗಿಂದ ಒತ್ತಿ ಹಿಡಿದ ಹಾಗೆ ನೋವು ಬಂತು. ಏನೋ ಎಡವಟ್ಟಾಗಿದೆ ಎಂದು ಎದೆ ಹೊಡೆದುಕೊಳ್ಳಲು ಶುರುವಾಯಿತು. ಏನೂ ಆಗಿರಲಿಲ್ಲ. ಮುಗಿದ ಮೇಲೆ ಕೇಳಿದಾಗ ಡಾಕ್ಟರು, "ಎರಡನೇ ಕಣ್ಣಿಗೆ ತುಂಬಾ ಜನ ಹೀಗೇ ಹೇಳ್ತಾರೆ" ಎಂದರು. ಈ ಮಾತು ಮೊದಲೇ ಕಿವಿಗೆ ಬಿದ್ದಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ನಿಮ್ಮ ಕಿವಿಗಾದರೂ ಮೊದಲೇ ಬೀಳಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು. ನಾನು ಡಾಕ್ಟರಲ್ಲ. ಯಾವ ಡ್ರಾಪ್ಸ್, ದಿನಕ್ಕೆ ಎಷ್ಟು ಸಲ, ಎಷ್ಟು ದಿನ ಎಂಬುದಕ್ಕೆ ನಿಮ್ಮ ಡಾಕ್ಟರು ಬರೆದುಕೊಟ್ಟ ಚೀಟಿಯೇ ಕೊನೆ ಮಾತು. ಆ ಚೀಟಿಯನ್ನು ಸರಿಯಾಗಿ ಪಾಲಿಸುವುದು ಹೇಗೆ, ಯಾವ ನೋವಿಗೆ ಸುಮ್ನಿರಬಹುದು, ಯಾವುದಕ್ಕೆ ಓಡಬೇಕು ಎಂಬುದನ್ನು ನಾನು ಹೇಳುತ್ತೇನೆ.

ಲೇಸರ್ ಒಳಗೆ ಏನು ಮಾಡುತ್ತದೆ

ಲೇಸರ್ ಬಿಟ್ಟರೆ ಪೊರೆ ಸುಟ್ಟು ಹೋಗುತ್ತದೆ ಎಂದು ತುಂಬಾ ಜನ ತಿಳಿದುಕೊಂಡಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ಹಾಗಲ್ಲ. ಹೊಲಿಗೆಯವರ ಮಾತಲ್ಲಿ ಹೇಳುವುದಾದರೆ ಲೇಸರ್ ಮಾಡುವುದು ಕಟಿಂಗ್ ಕೆಲಸ ಮಾತ್ರ. ಉಳಿದದ್ದೆಲ್ಲ ಡಾಕ್ಟರ ಕೈಯಲ್ಲೇ ಆಗಬೇಕು.

ಕಣ್ಣಿನ ಮಸೂರ ಒಂದು ತೆಳ್ಳನೆಯ ಚೀಲದೊಳಗೆ ಕೂತಿರುತ್ತದೆ. ಮಸೂರ ಮಂಕಾದರೆ ಅದೇ ಪೊರೆ. ಲೇಸರ್ ಆ ಚೀಲದ ಮುಂಭಾಗದಲ್ಲಿ ಸುಮಾರು 5 ಮಿಲಿಮೀಟರ್ ಅಗಲದ ದುಂಡನೆಯ ಕಿಂಡಿ ಕತ್ತರಿಸುತ್ತದೆ. ಒಳಗಿನ ಗಟ್ಟಿ ಮಸೂರವನ್ನು ಚೂರು ಮಾಡುತ್ತದೆ. ಬೇಕಾದರೆ ಕಾರ್ನಿಯಾದಲ್ಲಿ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದಲ್ಲಿ, ಸಣ್ಣ ದಾರಿಯನ್ನೂ ಕೊರೆಯುತ್ತದೆ. ಆಮೇಲೆ ಡಾಕ್ಟರು ಆ ದಾರಿಯಿಂದ ಅಲ್ಟ್ರಾಸೌಂಡ್ ಕೊಳವೆ ಒಳಗೆ ಬಿಟ್ಟು ಚೂರುಗಳನ್ನು ಕರಗಿಸಿ ಹೀರುತ್ತಾರೆ, ಹೊಸ ಲೆನ್ಸ್ ಕೂರಿಸುತ್ತಾರೆ. ಆ ದಾರಿ ಎರಡೂವರೆ ಮಿಲಿಮೀಟರ್ ಆಸುಪಾಸು ಅಷ್ಟೆ. ಸಾಮಾನ್ಯವಾಗಿ ಹೊಲಿಗೆಯೇ ಬೇಡ, ತಾನೇ ಕೂಡಿಕೊಳ್ಳುತ್ತದೆ. ಜೀವನವಿಡೀ ಹೊಲಿದವಳಿಗೆ ಇದು ಸೋಜಿಗದ ಸಂಗತಿ.

ಈ ಲೇಸರಿಗೆ ಫೆಮ್ಟೊಸೆಕೆಂಡ್ ಲೇಸರ್ ಎಂದು ಹೆಸರು. ಒಂದು ಸೆಕೆಂಡನ್ನು ಹತ್ತು ಲಕ್ಷ ಭಾಗ ಮಾಡಿ, ಅದರಲ್ಲಿ ಒಂದು ಭಾಗವನ್ನು ಮತ್ತೆ ನೂರು ಕೋಟಿ ಭಾಗ ಮಾಡಿದರೆ ಬರುವುದು ಒಂದು ಫೆಮ್ಟೊಸೆಕೆಂಡ್. ಪೊರೆ ಆಪರೇಷನ್‌ಗೆ ಇದನ್ನು ಮೊದಲು ಬಳಸಿದ್ದು 2008ರಲ್ಲಿ, ಬುಡಾಪೆಸ್ಟ್‌ನ ಡಾಕ್ಟರ್ ಜೋಲ್ಟನ್ ನಾಡ್ಜ್. ಲೇಸರ್ ಇಲ್ಲದೆ ಮಾಡಿಸಿಕೊಂಡವರು ಹೊಟ್ಟೆ ಉರಿದುಕೊಳ್ಳಬೇಕಿಲ್ಲ. 2020ರಲ್ಲಿ ಫ್ರಾನ್ಸ್ ಮತ್ತು ಬ್ರಿಟನ್ನಿನ ದೊಡ್ಡ ಅಧ್ಯಯನಗಳ ಫಲಿತಾಂಶ ಬಂತು. ಕೊನೆಗೆ ಸಿಗುವ ದೃಷ್ಟಿಯಲ್ಲಿ ಎರಡೂ ವಿಧಾನಗಳಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಇಲ್ಲಿ ಬರೆದದ್ದು ಹೆಚ್ಚುಕಡಿಮೆ ಅವರಿಗೂ ಹೊಂದುತ್ತದೆ.

ಈಗ ನೋವಿನ ವಿಷಯ. ದೇಹದ ಯಾವ ಭಾಗವನ್ನು ಕತ್ತರಿಸಿದರೂ ಅದು ರಿಪೇರಿಗೆ ಕೂಗು ಹಾಕುತ್ತದೆ. ಆ ಕೂಗಿನಂತೆ ಕೆಲಸ ಮಾಡುವ ರಾಸಾಯನಿಕಗಳಲ್ಲಿ ಪ್ರೊಸ್ಟಾಗ್ಲಾಂಡಿನ್ ಮುಖ್ಯವಾದದ್ದು. ಲೇಸರ್ ಬಿಟ್ಟ ಕೆಲವೇ ನಿಮಿಷದಲ್ಲಿ ಕಣ್ಣಿನ ಮುಂಭಾಗದ ನೀರಿನಲ್ಲಿ ಇದು ಏರುತ್ತದೆ. ಚೀಲದಲ್ಲಿ ಆ ದುಂಡು ಕಿಂಡಿ ಕತ್ತರಿಸುವಾಗಲೇ ಜಾಸ್ತಿ. ಇದರಿಂದ ಪಾಪೆ ಚಿಕ್ಕದಾಗುತ್ತದೆ. ಪಾಪೆ ದೊಡ್ಡದಾಗಿದ್ದರೆ ಮಾತ್ರ ಡಾಕ್ಟರಿಗೆ ಕೆಲಸ ಸಲೀಸು. ಜೊತೆಗೆ ಕಣ್ಣು ಕೆಂಪಾಗುತ್ತದೆ, ನೋಯುತ್ತದೆ, ಬೆಳಕು ಚುಚ್ಚುತ್ತದೆ. ಉರಿಯೂತ ಅಂದರೆ ಇದೇ. ಆಪರೇಷನ್‌ಗೆ ಮೊದಲೇ ಹಾಕಲು ಕೊಡುವ ಕೆಟೊರೊಲ್ಯಾಕ್, ನೆಪಾಫೆನಾಕ್, ಬ್ರೋಮ್‌ಫೆನಾಕ್ ಥರದ ಡ್ರಾಪ್ಸ್ ತಡೆಯುವುದು ಈ ಪ್ರೊಸ್ಟಾಗ್ಲಾಂಡಿನ್ನನ್ನೇ. ಅವು ಸುಮ್ನೆ ಮುನ್ನೆಚ್ಚರಿಕೆಗೆ ಎಂದುಕೊಂಡು ಒಂದು ಹೊತ್ತು ತಪ್ಪಿಸಬೇಡಿ. ಲೇಸರ್ ಬೀಳುವ ಹೊತ್ತಿಗೆ ಔಷಧಿ ಕಣ್ಣೊಳಗೆ ಇರಬೇಕು.

ಎರಡನೇ ಕಣ್ಣಿಗೇ ಯಾಕೆ ಜಾಸ್ತಿ? ಮೊದಲ ಸಲ ಭಯ ಎಲ್ಲವನ್ನೂ ನುಂಗಿರುತ್ತದೆ. ಮುಗಿದ ಮೇಲೆ "ಅಯ್ಯೋ, ಇಷ್ಟೇನಾ" ಅನ್ನಿಸುತ್ತದೆ. ಎರಡನೇ ಸಲ ಮನಸ್ಸು ಹಗುರವಾಗಿರುವುದರಿಂದ ಗಮನವೆಲ್ಲ ಕಣ್ಣಿನ ಮೇಲೇ ಇರುತ್ತದೆ, ಮೊದಲನೆಯದರ ಜೊತೆ ಹೋಲಿಸುತ್ತಲೂ ಇರುತ್ತೇವೆ. ಆದರೆ ಎಲ್ಲವೂ ಮನಸ್ಸಿನದ್ದೇ ಅಲ್ಲ. ಮೊದಲ ಕಣ್ಣಿನ ಆಪರೇಷನ್ ಆದ ಮೇಲೆ ಎರಡನೇ ಕಣ್ಣಿನ ಒಳಗಿನ ನೀರನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಉರಿಯೂತದ ಕೆಲವು ರಾಸಾಯನಿಕಗಳು ಅದರಲ್ಲಿ ಮೊದಲೇ ಏರಿದ್ದು ಕಂಡಿದೆ. ಒಂದು ಕಣ್ಣಿಗೆ ಗಾಯವಾದ ಸುದ್ದಿ ಇನ್ನೊಂದು ಕಣ್ಣಿಗೂ ಮುಟ್ಟಿರುತ್ತದೆ ಅನ್ನಿ. ಆದ್ದರಿಂದ ನೋವಾದರೆ ನಿಮ್ಮ ಧೈರ್ಯ ಕಡಿಮೆಯಾಯಿತು ಎಂದುಕೊಳ್ಳಬೇಡಿ.

ಮೊದಲೇ ಬಾಯಿಬಿಟ್ಟು ಹೇಳಬೇಕಾದ್ದು

ಡಾಕ್ಟರು ಕೇಳುತ್ತಾರೆ ಎಂದು ಕಾಯಬೇಡಿ, ನೀವೇ ಹೇಳಿ. ಶುಗರ್ ಇದೆಯಾ? ಹಿಂದೆ ಯಾವಾಗಲಾದರೂ ಕಣ್ಣೊಳಗೆ ಉರಿಯೂತ ಬಂದಿತ್ತಾ? ಬಂದಿದ್ದರೆ ಕಣ್ಣು ಕನಿಷ್ಠ ಮೂರು ತಿಂಗಳು ತಣ್ಣಗಿದ್ದ ಮೇಲೆಯೇ ಆಪರೇಷನ್ ಮಾಡುವುದು ವಾಡಿಕೆ. ಗ್ಲಾಕೋಮಾ ಇದ್ದರೆ ಹೇಳಿ, ಏಕೆಂದರೆ ಸ್ಟೀರಾಯ್ಡ್ ಡ್ರಾಪ್ಸ್ ಕೆಲವರಿಗೆ ಕಣ್ಣಿನ ಒತ್ತಡ ಏರಿಸುತ್ತದೆ. ಆಸ್ಪಿರಿನ್ ಥರದ ನೋವಿನ ಮಾತ್ರೆ ತಗೊಂಡರೆ ಉಸಿರು ಕಟ್ಟುವ ಅಸ್ತಮಾ ಇದ್ದರೆ ಅದನ್ನಂತೂ ಮರೆಯಬೇಡಿ. ಗಂಡಸರು ಪ್ರೊಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ಮಾತ್ರೆ ತಗೊಳ್ಳುತ್ತಿದ್ದರೆ, ಅಥವಾ ಹಿಂದೆ ತಗೊಂಡು ಬಿಟ್ಟಿದ್ದರೂ, ಹೇಳಲೇಬೇಕು. ಆ ಮಾತ್ರೆಯಿಂದ ಪಾಪೆಯ ಸುತ್ತಲಿನ ಬಣ್ಣದ ಪರದೆ ಸಡಿಲವಾಗಿ ಆಪರೇಷನ್ ಕಷ್ಟವಾಗುತ್ತದೆ. ರಕ್ತ ತೆಳುವಾಗುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಕೇಳಿ.

ಎರಡನೇ ಕಣ್ಣಿಗೆ ಹೋಗುವಾಗ ಮೊದಲನೆಯದರ ಕಥೆ ಪೂರ್ತಿ ಹೇಳಿ. ಎಷ್ಟು ದಿನ ಕೆಂಪಿತ್ತು, ಯಾವಾಗ ನೋವಾಯಿತು, ಯಾವ ಡ್ರಾಪ್ಸ್ ಉರಿಸಿತು, ಎಲ್ಲ. "ಎರಡನೇ ಸಲ ನೋವು ಜಾಸ್ತಿ ಆಗುತ್ತೆ ಅಂತಾರೆ, ನನಗೆ ಏನು ಮಾಡ್ತೀರಿ?" ಎಂದು ನೇರವಾಗಿ ಕೇಳಿ. ಮರಗಟ್ಟಿಸುವ ಹನಿಯನ್ನು ಇನ್ನೊಂದು ಸಲ ಹಾಕಬಹುದು, ಕಣ್ಣಿನ ಒಳಗೇ ಮರಗಟ್ಟಿಸುವ ಔಷಧಿ ಬಿಡಬಹುದು, ಸ್ವಲ್ಪ ನಿರಾಳವಾಗುವ ಔಷಧಿ ಕೊಡಬಹುದು. ದಾರಿಗಳಿವೆ.

ಮೇಜಿನ ಮೇಲೆ

ಲೇಸರ್ ಮೆಷಿನ್ನಿನ ಕೆಳಗೆ ಮಲಗಿದಾಗ ಕಣ್ಣಿನ ಮೇಲೆ ಒಂದು ಬಳೆ ಕೂರಿಸಿ ಗಾಳಿ ಎಳೆದು ಹಿಡಿಸುತ್ತಾರೆ. ಆಗ ಕಣ್ಣುಗುಡ್ಡೆಯನ್ನು ಹೆಬ್ಬೆರಳಲ್ಲಿ ಮೆಲ್ಲಗೆ ಅದುಮಿದ ಹಾಗಾಗುತ್ತದೆ. ನೋಟ ಮಂಕಾಗುತ್ತದೆ, ಪೂರ್ತಿ ಕತ್ತಲಾದರೂ ಗಾಬರಿ ಬೇಡ. ಬಳೆ ಬಿಟ್ಟ ಮೇಲೆ ಬೆಳಕು ವಾಪಸು ಬರುತ್ತದೆ. ಇಷ್ಟೆಲ್ಲ ಕೆಲವೇ ನಿಮಿಷದ ಮಾತು. ಹುಬ್ಬು ಗಂಟಿಕ್ಕಿ ರೆಪ್ಪೆ ಬಿಗಿಯಬೇಡಿ, ಬಿಗಿದಷ್ಟೂ ಒತ್ತಡ ಜಾಸ್ತಿ ಅನ್ನಿಸುತ್ತದೆ. ನಾನು ಉಸಿರನ್ನು ಮೆಲ್ಲಗೆ ಹೊರಗೆ ಬಿಡುತ್ತಾ ಮನಸ್ಸಲ್ಲೇ ಹೊಲಿಗೆ ಎಣಿಸಿದೆ. ನೂರು ದಾಟುವಷ್ಟರಲ್ಲಿ ಬಳೆ ತೆಗೆದಿದ್ದರು.

ಎಡಗಣ್ಣಿಗೆ ನೋವು ಬಂದದ್ದು ಇದಾದ ಮೇಲೆ, ಡಾಕ್ಟರು ಚೂರುಗಳನ್ನು ಹೀರುತ್ತಿದ್ದಾಗ. ನಾನು ಹಲ್ಲು ಕಚ್ಚಿ ಸುಮ್ನಿದ್ದೆ. ಅದು ತಪ್ಪು. ಕೈಬೆರಳು ಮುಷ್ಟಿಯಾಗಿದ್ದನ್ನು ಪಕ್ಕದಲ್ಲಿದ್ದ ನರ್ಸ್ ನೋಡಿ "ನೋಯ್ತಿದೆಯಾ?" ಎಂದು ಕೇಳಿದರು. ಹೌದು ಅಂದೆ. ಡಾಕ್ಟರು ಕೈ ನಿಲ್ಲಿಸಿದರು, ಏನೋ ಹನಿ ಬಿಟ್ಟರು, ಕಣ್ಣಿಗೆ ತಣ್ಣಗೆ ಆಯಿತು. ಅರ್ಧ ನಿಮಿಷದಲ್ಲಿ ನೋವು ಇಳಿಯಿತು. ಹಾಗಾಗಿ ನೋವಾದರೆ ಬಾಯಲ್ಲಿ ಹೇಳಿ. ತಲೆ ಮಾತ್ರ ಅಲುಗಾಡಿಸಬೇಡಿ, ಕೈ ಎತ್ತಿ ಕಣ್ಣಿನ ಹತ್ತಿರ ತರಬೇಡಿ.

ಡ್ರಾಪ್ಸ್: ಅರ್ಧ ಆಪರೇಷನ್ ಇಲ್ಲೇ ಇದೆ

ಮನೆಗೆ ಬಂದ ಮೇಲೆ ಸಾಮಾನ್ಯವಾಗಿ ಮೂರು ಬಗೆ ಹನಿ ಇರುತ್ತವೆ. ಸೋಂಕು ತಡೆಯಲು ಆಂಟಿಬಯೋಟಿಕ್. ಉರಿಯೂತಕ್ಕೆ ಸ್ಟೀರಾಯ್ಡ್, ಉದಾಹರಣೆಗೆ ಪ್ರೆಡ್ನಿಸೊಲೋನ್. ಮತ್ತೆ ಮೊದಲೇ ಹೇಳಿದ ಕೆಟೊರೊಲ್ಯಾಕ್ ಥರದ, ನೋವು ತಡೆಯುವ ಡ್ರಾಪ್ಸ್. ಬಾಟಲಿಗಳೆಲ್ಲ ನೋಡಲು ಒಂದೇ ಥರ. ಅದರಲ್ಲೂ ಎರಡು ಕಣ್ಣಿನ ಲೆಕ್ಕ ಬೇರೆ ಬೇರೆ. ನನ್ನ ಎಡಗಣ್ಣಿಗೆ ಸ್ಟೀರಾಯ್ಡ್ ದಿನಕ್ಕೆ ಆರು ಸಲ ಇದ್ದಾಗ ಬಲಗಣ್ಣಿಗೆ ದಿನಕ್ಕೆ ಒಂದೇ ಸಲ ಇತ್ತು. ಕಣ್ಣು ಮಂಕಾಗಿರುವಾಗ ಬಾಟಲಿ ಮೇಲಿನ ಸಣ್ಣ ಅಕ್ಷರ ಓದುವುದು ಹೇಗೆ?

ನನಗೆ ದಾರ ನೆರವಾಯಿತು. ಸ್ಟೀರಾಯ್ಡ್ ಬಾಟಲಿಯ ಕುತ್ತಿಗೆಗೆ ಕೆಂಪು ದಾರ, ಆಂಟಿಬಯೋಟಿಕ್‌ಗೆ ಹಸಿರು, ನೋವಿನದಕ್ಕೆ ಹಳದಿ. ಬಲಗಣ್ಣಿನ ಬಾಟಲಿಗೆ ಒಂದು ಗಂಟು, ಎಡಗಣ್ಣಿನದಕ್ಕೆ ಎರಡು. ಕತ್ತಲಲ್ಲಿ ಬೆರಳಾಡಿಸಿದರೂ ಯಾವ ಕಣ್ಣಿನದು ಎಂದು ತಿಳಿಯುತ್ತಿತ್ತು. ಎರಡು ಕಣ್ಣಿಗೂ ಒಂದೇ ಬಾಟಲಿ ಬಳಸಬೇಡಿ. ಒಂದರಲ್ಲಿ ಸೋಂಕಿದ್ದರೆ ಇನ್ನೊಂದಕ್ಕೂ ದಾಟುತ್ತದೆ.

ಪ್ರೆಡ್ನಿಸೊಲೋನ್ ಅಸಿಟೇಟ್ ಹನಿಯಲ್ಲಿ ಔಷಧಿ ಪುಡಿಯಾಗಿ ತೇಲುತ್ತಿರುತ್ತದೆ, ಬಿಟ್ಟರೆ ತಳಕ್ಕೆ ಕೂರುತ್ತದೆ. ಒಂದು ದಿನ ಅಲುಗಾಡಿಸದೆ ಒಂದು ಹನಿಯನ್ನು ಬೆರಳಿನ ಮೇಲೆ ಬಿಟ್ಟು ನೋಡಿದೆ. ಬರೀ ನೀರಿನ ಹಾಗಿತ್ತು. ಬಾಟಲಿಯನ್ನು ಚೆನ್ನಾಗಿ ಕುಲುಕಿ ಇನ್ನೊಂದು ಹನಿ ಬಿಟ್ಟೆ. ಹಾಲು ಬೆರೆಸಿದ ನೀರಿನ ಹಾಗೆ ಬೆಳ್ಳಗಿತ್ತು. ಕುಲುಕದೆ ಹಾಕಿದರೆ ಕಣ್ಣಿಗೆ ಔಷಧಿಯೇ ಸರಿಯಾಗಿ ಸಿಗುವುದಿಲ್ಲ, ಆಮೇಲೆ ಉರಿಯೂತ ಯಾಕೆ ಇಳೀತಿಲ್ಲ ಅಂತೀವಿ. ಬಾಟಲಿ ಮೇಲೆ ಸಸ್ಪೆನ್ಷನ್ ಎಂದಿದ್ದರೆ ಪ್ರತಿ ಸಲ ಕುಲುಕಿ. ನೆಪಾಫೆನಾಕ್ ಕೂಡ ಹಾಗೇ.

ಹಾಕುವ ಕ್ರಮ ಹೀಗೆ. ಕೈ ಸೋಪಲ್ಲಿ ತೊಳೆದು ಒರೆಸಿಕೊಳ್ಳಿ. ಮಲಗಿ, ಇಲ್ಲವೇ ಕತ್ತು ಹಿಂದಕ್ಕೆ ಒರಗಿಸಿ. ಕೆಳರೆಪ್ಪೆಯನ್ನು ಕೆನ್ನೆಯ ಮೂಳೆಯ ಹತ್ತಿರ ಬೆರಳಿಟ್ಟು ಎಳೆಯಿರಿ, ಸಣ್ಣ ಜೇಬಿನ ಹಾಗೆ ಬಾಯಿ ಬಿಡುತ್ತದೆ. ಕಣ್ಣುಗುಡ್ಡೆ ಒತ್ತಬೇಡಿ. ಮೇಲೆ ನೋಡುತ್ತಾ ಆ ಜೇಬಿಗೆ ಒಂದು ಹನಿ ಬಿಡಿ. ಬಾಟಲಿ ತುದಿ ಕಣ್ಣಿಗಾಗಲಿ ರೆಪ್ಪೆಗಾಗಲಿ ತಾಗಬಾರದು. ಒಂದು ಹನಿ ಸಾಕು, ಎರಡನೆಯದು ಕೆನ್ನೆಗೆ ಹರಿಯುತ್ತದೆ ಅಷ್ಟೆ. ಆಮೇಲೆ ಕಣ್ಣು ಮೆಲ್ಲಗೆ ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಬೆರಳಲ್ಲಿ ಹಗುರವಾಗಿ ಅದುಮಿ ಹಿಡಿಯಿರಿ. ಇದರಿಂದ ಔಷಧಿ ಗಂಟಲಿಗೆ ಇಳಿಯದೆ ಕಣ್ಣಲ್ಲೇ ಉಳಿಯುತ್ತದೆ. ಪಟಪಟ ಅಂತ ರೆಪ್ಪೆ ಬಡಿಯಬೇಡಿ. ಮುಂದಿನ ಹನಿಗೆ ಐದು ನಿಮಿಷ ಬಿಡಿ, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ಮುಲಾಮು ಕೊಟ್ಟಿದ್ದರೆ ಅದು ಕೊನೆಗೆ.

12ನೇ ದಿನ ನಾನು ಮಾಡಿದ ತಪ್ಪು

ಬಲಗಣ್ಣಿಗೆ ಆಪರೇಷನ್ ಆಗಿ 12 ದಿನಕ್ಕೆ ಕಣ್ಣು ಬೆಳ್ಳಗಾಗಿತ್ತು. ನೋವಿಲ್ಲ, ಎಲ್ಲ ಸ್ಪಷ್ಟ. ಸ್ಟೀರಾಯ್ಡ್ ಜಾಸ್ತಿ ಒಳ್ಳೆಯದಲ್ಲ ಎಂದು ಯಾರೋ ಹೇಳಿದ್ದು ತಲೆಯಲ್ಲಿತ್ತು. ಬಿಟ್ಟುಬಿಟ್ಟೆ. 15ನೇ ದಿನ ಬೆಳಿಗ್ಗೆ ಕಿಟಕಿ ತೆರೆದಾಗ ಬೆಳಕು ಮೊಳೆಯ ಹಾಗೆ ಚುಚ್ಚಿತು. ಕನ್ನಡಿಯಲ್ಲಿ ನೋಡಿದರೆ ಕಪ್ಪುಗುಡ್ಡೆಯ ಸುತ್ತ ಕೆಂಪು ಉಂಗುರ ಕಟ್ಟಿತ್ತು. ಕಣ್ಣು ಒಳಗೇ ಮಿಡಿಯುತ್ತಿತ್ತು.

ಅದು ಮರುಕಳಿಸಿದ ಉರಿಯೂತ. ಹೊರಗೆ ಕಣ್ಣು ಬೆಳ್ಳಗೆ ಕಂಡರೂ ಒಳಗೆ ಉರಿಯೂತದ ಕಣಗಳು ಇನ್ನೂ ತೇಲುತ್ತಿರುತ್ತವೆ. ಅವು ಡಾಕ್ಟರ ದೀಪದಲ್ಲಿ ಮಾತ್ರ ಕಾಣುತ್ತವೆ. ಅದಕ್ಕೇ ಸ್ಟೀರಾಯ್ಡನ್ನು ಥಟ್ಟನೆ ನಿಲ್ಲಿಸುವುದಿಲ್ಲ, ಸಾಮಾನ್ಯವಾಗಿ ನಾಲ್ಕು ವಾರ ಆಸುಪಾಸು ವಾರ ವಾರಕ್ಕೆ ಇಳಿಸುತ್ತಾ ಬರುತ್ತಾರೆ. ನನಗೆ ಮತ್ತೆ ಮೊದಲಿಂದ ಶುರುಮಾಡಿದರು. ಮೂರು ವಾರಕ್ಕೆ ಆಗಬೇಕಿದ್ದ ಎಡಗಣ್ಣು ಐದು ವಾರಕ್ಕೆ ಹೋಯಿತು, ಏಕೆಂದರೆ ಮೊದಲನೆಯದು ತಣ್ಣಗಾಗದೆ ಎರಡನೆಯದನ್ನು ಮುಟ್ಟುವುದಿಲ್ಲ ಎಂದರು. ನಂತರ ಒಂದು ಹಾಳೆಯಲ್ಲಿ ದಿನಕ್ಕೊಂದು ಗೆರೆ ಎಳೆದು, ಪ್ರತಿ ಹನಿಗೂ ಒಂದು ಚುಕ್ಕೆ ಇಡತೊಡಗಿದೆ. ಚುಕ್ಕೆ ಇಲ್ಲದ ಜಾಗ ಕಂಡರೆ ಹನಿ ತಪ್ಪಿದೆ ಅಂತ ಲೆಕ್ಕ. ತಪ್ಪಿದ ಹನಿಯನ್ನು ನೆನಪಾದ ಕೂಡಲೇ ಹಾಕುತ್ತಿದ್ದೆ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಅದೊಂದನ್ನೇ ಹಾಕುತ್ತಿದ್ದೆ, ಎರಡೆರಡು ಹಾಕುತ್ತಿರಲಿಲ್ಲ.

ಎರಡೂ ಕಣ್ಣಿಗೆ ಒಂದೇ ದಿನ ಮಾಡುವವರೂ ಇದ್ದಾರೆ. ಆಗ ಪ್ರತಿ ಕಣ್ಣನ್ನೂ ಬೇರೆ ಆಪರೇಷನ್ ಎಂದೇ ಲೆಕ್ಕ ಹಾಕಿ ಬೇರೆ ಉಪಕರಣ, ಬೇರೆ ಔಷಧಿ ಬಳಸಬೇಕು. ಅಂಥವರಿಗೆ ಮೊದಲ ಕೆಲವು ದಿನ ಹನಿ ಹಾಕಲು ಇನ್ನೊಬ್ಬರ ಕೈ ಬೇಕೇ ಬೇಕು.

ಯಾವುದು ಸಹಜ ನೋವು

ಮರಗಟ್ಟಿಸಿದ್ದು ಕೆಲವು ಗಂಟೆಯಲ್ಲಿ ಇಳಿಯುತ್ತದೆ. ಆಗ ಕಣ್ಣಲ್ಲಿ ಮರಳು ಬಿದ್ದ ಹಾಗೆ ಕರಕರ, ನೀರು, ಸ್ವಲ್ಪ ಉರಿ. ಮೊದಲ ದಿನ ಎರಡನೇ ದಿನ ಇದು ಇದ್ದೇ ಇರುತ್ತದೆ. ಬಳೆ ಕೂರಿಸಿದ್ದರಿಂದ ಬಿಳಿಗುಡ್ಡೆಯ ಮೇಲೆ ರಕ್ತದ ಮಚ್ಚೆ ಕಾಣಬಹುದು. ನೋಡಲು ಭಯಂಕರ, ಆದರೆ ಒಂದೆರಡು ವಾರದಲ್ಲಿ ತಾನೇ ಕರಗುತ್ತದೆ. ಬೆಳಕು ಕೆಲವು ದಿನ ಚುಚ್ಚುತ್ತದೆ, ಕಪ್ಪು ಕನ್ನಡಕ ಹಾಕಿ. ಕರಕರ ಕೆಲವರಿಗೆ ತಿಂಗಳುಗಟ್ಟಲೆ ಬರುತ್ತಾ ಹೋಗುತ್ತಾ ಇರುತ್ತದೆ. ಕಾರ್ನಿಯಾದ ಸಣ್ಣ ನರಗಳು ಕತ್ತರಿಸಿ ಕಣ್ಣು ಒಣಗುವುದರಿಂದ ಹಾಗೆ. ಅದಕ್ಕೆ ಕೃತಕ ಕಣ್ಣೀರಿನ ಹನಿ ಇದೆ, ಕೇಳಿ ತಗೊಳ್ಳಿ.

ಸಣ್ಣ ನೋವಿಗೆ ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಸಾಕು. ಕಣ್ಣು ಉಜ್ಜಬೇಡಿ. ನಿದ್ದೆಯಲ್ಲಿ ಕೈ ತಾನಾಗಿ ಹೋಗುತ್ತದೆ, ಅದಕ್ಕೇ ರಾತ್ರಿ ಕಣ್ಣಿಗೆ ಗುರಾಣಿ ಕಟ್ಟಿಕೊಳ್ಳಿ. ನಲ್ಲಿ ನೀರು, ಸೋಪು ಕಣ್ಣೊಳಗೆ ಹೋಗದಿರಲಿ. ಈಜುವುದು, ಭಾರ ಎತ್ತುವುದು ಡಾಕ್ಟರು ಸರಿ ಅನ್ನುವ ತನಕ ಬೇಡ.

ಯಾವುದಕ್ಕೆ ಓಡಬೇಕು

ಸಹಜ ನೋವು ದಿನ ದಿನಕ್ಕೆ ಇಳಿಯುತ್ತದೆ. ಇಳಿದದ್ದು ಮತ್ತೆ ಏರಿದರೆ ಅದು ಬೇರೆ. ಎರಡನೇ ಕಣ್ಣು ಹೇಗೂ ಜಾಸ್ತಿ ನೋಯುತ್ತದೆ ಎಂದು ಹೇಳಿದೆನಲ್ಲ, ಆ ಮಾತನ್ನು ಇಲ್ಲಿಗೆ ತರಬೇಡಿ. ಅದು ಆಪರೇಷನ್ ಹೊತ್ತಿನ ಮತ್ತು ಮೊದಲ ಒಂದೆರಡು ದಿನದ ಮಾತು.

ನೋವು ಏರುತ್ತಾ ಹೋಗಿ ನೋಟ ಮಂಕಾಗುತ್ತಿದ್ದರೆ, ಕೆಂಪು ಜಾಸ್ತಿಯಾದರೆ, ರೆಪ್ಪೆ ಊದಿ ಕೀವು ಬಂದರೆ, ಬೆಳಗಾಗಲಿ ಎಂದು ಕಾಯಬೇಡಿ. ಕಣ್ಣೊಳಗಿನ ಸೋಂಕು ಅಪರೂಪ. ಬಂದರೆ ಹೆಚ್ಚಾಗಿ ಮೊದಲ ವಾರದಲ್ಲೇ ಬರುತ್ತದೆ. ಆಗ ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತದೆ. ಮೊದಲ ದಿನವೇ ಹುಬ್ಬಿನ ಮೇಲೆ ಸಿಡಿಯುವ ನೋವು, ಜೊತೆಗೆ ವಾಂತಿ ಬಂದರೆ ಕಣ್ಣಿನ ಒತ್ತಡ ಏರಿರಬಹುದು, ಅದನ್ನು ಹೊಟ್ಟೆ ಕೆಟ್ಟಿದೆ ಎಂದುಕೊಂಡು ಮಲಗಬೇಡಿ. ಕಣ್ಣೆದುರು ಮಿಂಚು, ಕಪ್ಪು ಚುಕ್ಕೆಗಳ ಹಿಂಡು, ಪರದೆ ಇಳಿದ ಹಾಗೆ ಕಂಡರೆ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರ, ನೋಡಿಸಬೇಕು, ಅವತ್ತೇ.

ನೋವಿಲ್ಲದೆ ಬರುವುದೂ ಒಂದಿದೆ. ಚೆನ್ನಾಗಿ ಕಾಣುತ್ತಿದ್ದ ಕಣ್ಣು ನಾಲ್ಕರಿಂದ ಆರನೇ ವಾರದ ಹೊತ್ತಿಗೆ ಮತ್ತೆ ಮಂಕಾಗುವುದು. ಉರಿಯೂತದಿಂದ ರೆಟಿನಾದ ನಡುಭಾಗಕ್ಕೆ ನೀರು ತುಂಬಿ ಊದಿಕೊಂಡಿರಬಹುದು. ಶುಗರ್ ಇರುವವರಿಗೆ ಜಾಸ್ತಿ. ಅವರಿಗೆ ನೋವು ತಡೆಯುವ ಡ್ರಾಪ್ಸನ್ನು ಹೆಚ್ಚು ದಿನ ಕೊಡುವುದೂ ಇದಕ್ಕೇ. ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಎರಡೂ ತೆರೆದಿದ್ದರೆ ಒಳ್ಳೆಯ ಕಣ್ಣು ಇನ್ನೊಂದರ ಕೊರತೆಯನ್ನು ಮುಚ್ಚಿಬಿಡುತ್ತದೆ. ನಾನು ದಿನಾ ಬೆಳಿಗ್ಗೆ ಸೂಜಿ ಹಿಡಿದು, ಓದುವ ಕನ್ನಡಕ ಹಾಕಿ, ಅದರ ಕಿಂಡಿಯನ್ನು ಮೊದಲು ಬಲಗಣ್ಣಲ್ಲಿ, ಆಮೇಲೆ ಎಡಗಣ್ಣಲ್ಲಿ ನೋಡುತ್ತಿದ್ದೆ. ದಾರ ಪೋಣಿಸುತ್ತಿರಲಿಲ್ಲ, ನೋಡುತ್ತಿದ್ದೆ ಅಷ್ಟೆ.

ಕೋರ್ಸ್ ಮುಗಿದ ಮೇಲೆ ಉಳಿದ ಹನಿಗಳನ್ನು ಎಸೆಯಿರಿ. ತೆರೆದ ಬಾಟಲಿಗೆ ಸಾಮಾನ್ಯವಾಗಿ ಒಂದು ತಿಂಗಳಷ್ಟೇ ಆಯುಸ್ಸು. ಅದರಲ್ಲೂ ಕೆಂಪು ದಾರದ ಸ್ಟೀರಾಯ್ಡ್ ಬಾಟಲಿಯನ್ನು ಮನೆಯಲ್ಲಿ ಬೇರೆಯವರ ಕಣ್ಣು ಕೆಂಪಾದಾಗ ಬೇಕಾಗಬಹುದು ಎಂದು ಎತ್ತಿಡಬೇಡಿ. ಆ ಕೆಂಪು ಹರ್ಪಿಸ್ ವೈರಸ್ಸಿನದಾಗಿದ್ದರೆ ಸ್ಟೀರಾಯ್ಡ್ ಅದನ್ನು ಕಾರ್ನಿಯಾದ ಮೇಲೆ ಇನ್ನಷ್ಟು ಹರಡಿಸುತ್ತದೆ.